ಊರಿನ ಶಾಸನವನ್ನು ಓದಲು ಕಲಿಯುವುದು: ನಡುವಯಸ್ಸಿನಲ್ಲಿ ಆರಂಭಿಸುವವರಿಗೆ

ದೇವಸ್ಥಾನದ ಅಂಗಳದಲ್ಲಿಯೋ, ಕೆರೆಯ ಏರಿಯ ಮೇಲೆಯೋ, ಹೊಲದ ಬದುವಿನಲ್ಲಿಯೋ ಅರ್ಧ ಹೂತು ನಿಂತ ಬರಹದ ಕಲ್ಲನ್ನು ನಮ್ಮಲ್ಲಿ ನೋಡದವರು ಇರಲಾರರು. ಓದುವುದು ಪ್ರಾಧ್ಯಾಪಕರ ಕೆಲಸವೆಂದು ಭಾವಿಸಿ, ಭಕ್ತಿಯಿದ್ದರೆ ಕೈಮುಗಿದು, ಇಲ್ಲದಿದ್ದರೆ ಅದೂ ಇಲ್ಲದೆ ಮುಂದೆ ಸಾಗುತ್ತೇವೆ. ನಲವತ್ಮೂರನೆಯ ವಯಸ್ಸಿನವರೆಗೆ ನಾನೂ ಹಾಗೆಯೇ ಸಾಗಿದವನು. ಸಂಬಂಧಿಕರೊಬ್ಬರ ಗೃಹಪ್ರವೇಶಕ್ಕೆ ಹೋಗಿದ್ದಾಗ, ಎರಡನೆಯ ಪಂಕ್ತಿಯ ಊಟಕ್ಕೆ ಕಾಯುತ್ತ ಗುಡಿಯ ಗೋಡೆಗೆ ಒರಗಿಸಿಟ್ಟಿದ್ದ ಕಲ್ಲೊಂದನ್ನು ನೋಡುತ್ತಿದ್ದೆ. ಅರ್ಥವಾಗದ ಸುರುಳಿಗಳ ನಡುವೆ ‘ಗ ೧೨’ ಎಂದಿರುವುದು ಥಟ್ಟನೆ ಕಣ್ಣಿಗೆ ಬಿತ್ತು. ಇಪ್ಪತ್ತು ವರ್ಷ ಲೆಕ್ಕಪತ್ರ ಬರೆದವನಿಗೆ ಅಂಕಿ ಎಲ್ಲಿದ್ದರೂ ಕಾಣುತ್ತದೆ. ಆ ‘ಗ’ ಎಂಬುದು ಗದ್ಯಾಣ ಎಂಬ ನಾಣ್ಯದ ಹೆಸರಿನ ಸಂಕ್ಷೇಪವೆಂದು ತಿಳಿದದ್ದು ಎಷ್ಟೋ ದಿನಗಳ ನಂತರ. ಆದರೆ ನನ್ನ ಮುಂದೆ ಇರುವುದು ಯಾರದೋ ಜಮಾ-ಖರ್ಚು ಎಂಬುದು ಅಂದೇ ಗೊತ್ತಾಯಿತು.

ಶಾಸನ ಓದುವುದನ್ನು ಹವ್ಯಾಸವಾಗಿ ಕಲಿಯಬಯಸುವವರಿಗೆ ದಾರಿ ತೋರಿಸುವುದು ಈ ಬರಹದ ಉದ್ದೇಶ. ಜೊತೆಗೆ, ವಯಸ್ಸಾದ ಮೇಲೆ ಹವ್ಯಾಸದ ಮೂಲಕ ಕಲಿಯುವುದರಿಂದ ಏನು ದಕ್ಕುತ್ತದೆ ಎಂಬ ಪ್ರಶ್ನೆಗೆ ನನಗೆ ಗೊತ್ತಿರುವ ಉತ್ತರವೂ ಇದರಲ್ಲಿಯೇ ಇದೆ. ಹವ್ಯಾಸವಿದ್ದರೆ ಮರೆವು ಬರುವುದಿಲ್ಲ, ಆಯಸ್ಸು ಹೆಚ್ಚುತ್ತದೆ ಎಂಬ ಭರವಸೆಗಳನ್ನು ನಾನು ಕೊಡಲಾರೆ. ನಾನು ಕಂಡದ್ದು ಇಷ್ಟು: ಶಾಲೆಯ ಕಲಿಕೆಯಲ್ಲಿ ನಮ್ಮ ಹಿಂದೆ ಏನೂ ಇರುವುದಿಲ್ಲ, ಎಲ್ಲವನ್ನೂ ಹೊಸದಾಗಿ ತುಂಬಿಕೊಳ್ಳಬೇಕು, ನಡುವಯಸ್ಸಿನ ಕಲಿಕೆಯಲ್ಲಿ ನಾವು ಬದುಕಿದ ವರ್ಷಗಳೇ ಮೂಲಧನ. ಗದ್ದೆ ಮಾಡಿದವರಿಗೆ ಶಾಸನದ ಭೂಮಿಯ ಅಳತೆ ಬೇಗ ಹಿಡಿಯುತ್ತದೆ, ಪಂಚಾಂಗ ನೋಡುವ ರೂಢಿಯ ಮನೆಯಲ್ಲಿ ಬೆಳೆದವರಿಗೆ ಅದರ ಕಾಲಗಣನೆ, ಕಂದಾಯ ಇಲಾಖೆಯಲ್ಲಿದ್ದವರಿಗೆ ಎಲ್ಲೆ-ಚಕ್ಕುಬಂದಿ, ಹಾಡು-ಹಸೆ ಬಲ್ಲವರಿಗೆ ಪದ್ಯದ ನಡೆ. ಆದ್ದರಿಂದ ಯಾವ ಹವ್ಯಾಸವನ್ನು ಆರಿಸಿಕೊಳ್ಳಲಿ ಎಂದು ಯೋಚಿಸುತ್ತಿರುವವರಿಗೆ ನನ್ನ ಸಲಹೆ, ಈವರೆಗಿನ ಬದುಕು ಲೆಕ್ಕಕ್ಕೆ ಬರುವಂಥದನ್ನೇ ಆರಿಸಿಕೊಳ್ಳಿ ಎಂಬುದು.

ಮೊದಲ ಕಲ್ಲಿನ ಆಯ್ಕೆ

ಎಲ್ಲರೂ ಮಾಡುವ ಮೊದಲ ತಪ್ಪು, ಯಾರೂ ಓದಿರದ ಕಲ್ಲನ್ನು ಹುಡುಕಿಕೊಂಡು ಹೊರಡುವುದು. ಈಜು ಕಲಿಯುವವರು ತುಂಬಿದ ಹೊಳೆಗೆ ಇಳಿದಂತೆ ಅದು. ಮೊದಲು ಬೇಕಾದದ್ದು ವಿದ್ವಾಂಸರು ಆಗಲೇ ಓದಿ ಪಾಠವನ್ನು, ಅಂದರೆ ಕಲ್ಲಿನ ಬರಹದ ಪ್ರತಿಯನ್ನು, ಅಚ್ಚು ಮಾಡಿಸಿರುವ, ಅಕ್ಷರ ಸವೆಯದ, ಮನೆಯಿಂದ ಒಂದೆರಡು ಗಂಟೆಯೊಳಗೆ ಹೋಗಿ ಬರಬಹುದಾದ ಒಂದು ಕಲ್ಲು. ಕಾಲದ ದೃಷ್ಟಿಯಿಂದ 11ರಿಂದ 13ನೆಯ ಶತಮಾನದವರೆಗಿನದು ಒಳ್ಳೆಯದು. ಕಲ್ಯಾಣದ ಚಾಲುಕ್ಯರ ಮತ್ತು ಹೊಯ್ಸಳರ ಕಾಲದ ಶಿಲ್ಪಿಗಳು ಅಕ್ಷರವನ್ನು ಮುತ್ತು ಪೋಣಿಸಿದಂತೆ ಕೊರೆದರು, ಆಗಿನ ಲಿಪಿಯೂ ಇಂದಿನದಕ್ಕೆ ತೀರ ದೂರದ್ದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆ, ಗದಗದ ಸುತ್ತಲಿನ ಲಕ್ಕುಂಡಿ, ಹಾಸನ ಜಿಲ್ಲೆಯ ಹೊಯ್ಸಳ ಗುಡಿಗಳು ಇದಕ್ಕೆ ಹೇಳಿ ಮಾಡಿಸಿದ ಜಾಗಗಳು. ಸುಮಾರು 450ರ ಹಲ್ಮಿಡಿ ಶಾಸನದಿಂದಲೇ ಆರಂಭಿಸುತ್ತೇನೆಂದು ಹಠ ಹಿಡಿಯುವವರು ಇರುತ್ತಾರೆ. ಅದರ 16 ಸಾಲುಗಳ ಲಿಪಿಯನ್ನೂ ಭಾಷೆಯನ್ನೂ ಒಟ್ಟಿಗೆ ಎದುರಿಸುವುದು ಹೊಸಬರಿಗೆ ಆಗದ ಮಾತು. ಅದನ್ನು ಮೂರನೆಯ ವರ್ಷಕ್ಕೆ ಇಟ್ಟುಕೊಳ್ಳಬಹುದು.

ಅಚ್ಚಾದ ಪಾಠ ಎಲ್ಲಿ ಸಿಗುತ್ತದೆ? ಹಳೆಯ ಮೈಸೂರು ಸೀಮೆಯವರು ಪುಣ್ಯವಂತರು. ಬೆಂಗಳೂರಿನಲ್ಲಿಯೇ 1837ರಲ್ಲಿ ಹುಟ್ಟಿದ ಬಿ.ಎಲ್. ರೈಸ್ ಊರೂರು ಅಲೆದು, ಪಂಡಿತರ ನೆರವಿನಿಂದ ಎಂಟು ಸಾವಿರಕ್ಕೂ ಹೆಚ್ಚು ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ 12 ಸಂಪುಟಗಳಲ್ಲಿ ಪ್ರಕಟಿಸಿದರು. ಕೊಡಗಿನ ಶಾಸನಗಳ ಮೊದಲ ಸಂಪುಟ ಬಂದದ್ದು 1886ರಲ್ಲಿ. ತಾಲ್ಲೂಕುವಾರು ಸಂಖ್ಯೆ ಕೊಟ್ಟಿರುವುದರಿಂದ ನಿಮ್ಮ ತಾಲ್ಲೂಕನ್ನು ತೆರೆದು ಊರಿನ ಹೆಸರು ಹುಡುಕಿದರೆ ಸಾಕು. ಕನ್ನಡ ಪಾಠ, ರೋಮನ್ ಲಿಪ್ಯಂತರ, ಇಂಗ್ಲಿಷ್ ಅನುವಾದ ಮೂರೂ ಅದರಲ್ಲಿವೆ. ಹಳೆಯ ಸಂಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿ ದೊರೆಯುತ್ತವೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಸಂಪುಟಗಳು ದೊಡ್ಡ ಗ್ರಂಥಾಲಯಗಳಲ್ಲಿ ಇರುತ್ತವೆ, ತಪ್ಪುಗಳನ್ನು ತಿದ್ದಿರುವುದರಿಂದ ಸಿಕ್ಕಿದರೆ ಅವನ್ನೇ ನೋಡಬೇಕು. ಉತ್ತರ ಕರ್ನಾಟಕದವರಿಗೆ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ 11, 15, 18 ಮತ್ತು 20ನೆಯ ಸಂಪುಟಗಳೂ, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳೂ ಆಧಾರ. ಹೊರರಾಜ್ಯದಲ್ಲಿರುವವರೂ ನಿರಾಶರಾಗಬೇಕಿಲ್ಲ. ಮಹಾರಾಷ್ಟ್ರ, ಆಂಧ್ರ, ತೆಲಂಗಾಣಗಳಲ್ಲಿ ಕನ್ನಡ ಶಾಸನಗಳು ಧಾರಾಳವಾಗಿವೆ. ಹೈದರಾಬಾದಿನ ಕನ್ನಡಿಗರು ಕರೀಂನಗರದ ಕಡೆಯ ಕುರಿಕ್ಯಾಲಕ್ಕೆ ಹೋದರೆ, ಆದಿಕವಿ ಪಂಪನ ತಮ್ಮ ಜಿನವಲ್ಲಭ ಬಂಡೆಯ ಮೇಲೆ ಸಂಸ್ಕೃತ, ಕನ್ನಡ, ತೆಲುಗು ಮೂರರಲ್ಲಿಯೂ ಬರೆಸಿದ್ದನ್ನು ನೋಡಬಹುದು.

ಶಾಪದಿಂದ ಅಕ್ಷರಾಭ್ಯಾಸ

ಅಕ್ಷರ ಕಲಿಯಲು ಹೆಚ್ಚಿನವರು ಲಿಪಿಯ ಪಟ್ಟಿಯನ್ನು ಎದುರಿಗಿಟ್ಟುಕೊಂಡು ಅ-ಆ-ಇ-ಈ ಎಂದು ತಿದ್ದತೊಡಗುತ್ತಾರೆ. ಮಕ್ಕಳಿಗೆ ಅದು ಒಗ್ಗುತ್ತದೆ. ದಿನದ ಕೆಲಸ ಮುಗಿಸಿ ರಾತ್ರಿ ಒಂಬತ್ತಕ್ಕೆ ಕೂರುವವರಿಗೆ ನಾಲ್ಕನೆಯ ದಿನವೇ ಬೇಸರ ಬರುತ್ತದೆ. ನನಗೆ ಫಲಿಸಿದ ಉಪಾಯ ಬೇರೆ, ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ದಾನಶಾಸನಗಳು ಕೊನೆಗೊಳ್ಳುವುದು ಶಾಪದಿಂದ. ದಾನವನ್ನು ಕಿತ್ತುಕೊಂಡವರಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಯನ್ನು (ಕಪಿಲೆ ಹಸುವನ್ನು) ಕೊಂದ ಪಾಪ ತಟ್ಟಲಿ ಎಂದು ಕನ್ನಡದಲ್ಲಿಯೂ, ಅದರ ಜೊತೆಗೆ ಅಥವಾ ಅದರ ಬದಲು ಒಂದು ಸಂಸ್ಕೃತ ಶ್ಲೋಕದಲ್ಲಿಯೂ ಅದು ಬರುತ್ತದೆ. ಶ್ಲೋಕ ಬಹುತೇಕ ಇದೇ ಆಗಿರುತ್ತದೆ: ‘ಸ್ವದತ್ತಾಂ ಪರದತ್ತಾಂ ವಾ ಯೋ ಹರೇತ ವಸುಂಧರಾಂ ಷಷ್ಟಿರ್ವರ್ಷಸಹಸ್ರಾಣಿ ವಿಷ್ಠಾಯಾಂ ಜಾಯತೇ ಕ್ರಿಮಿಃ’. ತಾನು ಕೊಟ್ಟ ಭೂಮಿಯನ್ನಾಗಲಿ ಪರರು ಕೊಟ್ಟದ್ದನ್ನಾಗಲಿ ಕಸಿದುಕೊಳ್ಳುವವನು ಅರವತ್ತು ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬುದು ಅರ್ಥ. ಇದನ್ನು ಬಾಯಿಪಾಠ ಮಾಡಿಕೊಳ್ಳಿ. ಆಮೇಲೆ ಕಲ್ಲಿನ ಚಿತ್ರದ ಕೊನೆಯ ಮೂರು-ನಾಲ್ಕು ಸಾಲುಗಳಲ್ಲಿ ‘ಸ್ವ’ ಎಲ್ಲಿದೆ ಎಂದು ಹುಡುಕಿ, ಅಲ್ಲಿಂದ ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಹೇಳುತ್ತ ಹೋಗಿ. ಏನು ಬರೆದಿದೆ ಎಂಬುದು ನಿಮಗೆ ಮೊದಲೇ ಗೊತ್ತು, ಹೇಗೆ ಬರೆದಿದೆ ಎಂಬುದನ್ನಷ್ಟೇ ಕಣ್ಣು ಕಲಿಯಬೇಕು. ಈ ಒಂದು ಶ್ಲೋಕದಲ್ಲಿ 16 ವ್ಯಂಜನಗಳಿವೆ, ಜೊತೆಗೆ ತ್ತ, ಸ್ವ, ಷ್ಟ, ಸ್ರ, ಕ್ರ ಮೊದಲಾದ ಒತ್ತಕ್ಷರಗಳು, ಅನುಸ್ವಾರ, ವಿಸರ್ಗ ಎಲ್ಲವೂ.

ಅದು ಕೈವಶವಾದ ಮೇಲೆ ಶಾಸನದ ತಲೆಗೆ ಹೋಗಿ. ಶೈವ ದಾನಗಳಲ್ಲಿ ಆರಂಭದ ಪದ್ಯ ಸಾಮಾನ್ಯವಾಗಿ ‘ನಮಸ್ತುಂಗಶಿರಶ್ಚುಂಬಿ ಚಂದ್ರಚಾಮರಚಾರವೇ ತ್ರೈಲೋಕ್ಯನಗರಾರಂಭಮೂಲಸ್ತಂಭಾಯ ಶಂಭವೇ’ ಎಂದಿರುತ್ತದೆ. ಜೈನ ಶಾಸನವಾದರೆ ‘ಶ್ರೀಮತ್ಪರಮಗಂಭೀರ’ ಎಂದು ತೊಡಗುತ್ತದೆ. ‘ನಮಸ್ತುಂಗ’ ಪದ್ಯದಿಂದ ನ, ಗ, ಶ, ಚ, ಬ, ಲ, ಭ ಎಂಬ ಇನ್ನೂ ಏಳು ವ್ಯಂಜನಗಳು ಸೇರಿ ಒಟ್ಟು 23 ಆಗುತ್ತವೆ. ಡ, ಳ, ಖ, ಥ ಮೊದಲಾದ ಕೆಲವೂ, ಇಂದಿನ ವರ್ಣಮಾಲೆಯಿಂದ ಬಿದ್ದುಹೋಗಿರುವ ಱ ಮತ್ತು ೞಗಳೂ ಉಳಿಯುತ್ತವೆ. ‘ಕೆಱೆ’ಯಲ್ಲಿ ಮೊದಲನೆಯದು, ‘ಏೞು’ವಿನಲ್ಲಿ ಎರಡನೆಯದು. ದಿನಕ್ಕೆ ಇಪ್ಪತ್ತು ನಿಮಿಷದಂತೆ ನನಗೆ ಇಷ್ಟಕ್ಕೆ ಆರು ವಾರ ಹಿಡಿಯಿತು. ನನಗಿಂತ ಚುರುಕಾದ ನನ್ನ ಪತ್ನಿ ಮೂರು ವಾರದಲ್ಲಿ ಮುಗಿಸಿದಳು ಎಂಬುದನ್ನೂ ಇಲ್ಲಿ ದಾಖಲಿಸಬೇಕು.

ಕೆಲವು ಬರವಣಿಗೆಯ ರೂಢಿಗಳನ್ನು ಮೊದಲೇ ತಿಳಿದಿದ್ದರೆ ಗೊಂದಲ ಕಡಿಮೆ. ಪದಗಳ ನಡುವೆ ಅಂತರವಿರುವುದಿಲ್ಲ, ಸಾಲು ಮುಗಿದಲ್ಲಿ ಪದವೂ ತುಂಡಾಗಿ ಮುಂದಿನ ಸಾಲಿಗೆ ಹರಿಯುತ್ತದೆ. ಎ-ಏ, ಒ-ಓಗಳ ಹ್ರಸ್ವ-ದೀರ್ಘವನ್ನು ಬೇರೆಯಾಗಿ ತೋರಿಸುವುದಿಲ್ಲ. ‘ಕೆಡು’ವೋ ‘ಕೇಡು’ವೋ ಎಂಬುದನ್ನು ಸಂದರ್ಭದಿಂದ ನಿರ್ಧರಿಸಬೇಕು. ರಕಾರದ ಮುಂದಿನ ವ್ಯಂಜನವನ್ನು ಇಮ್ಮಡಿಸಿ ‘ಧರ್ಮ್ಮ’, ‘ಸೂರ್ಯ್ಯ’ ಎಂದು ಬರೆಯುತ್ತಾರೆ. ಶಕಾರಕ್ಕೆ ಬದಲಾಗಿ ಸಕಾರ ಬಂದು ‘ಸಕವರುಷ’ ಎಂದಾಗುವುದೂ ಉಂಟು. ಕಂಡರಿಸಿದವನು ತಪ್ಪು ಮಾಡಿದನೇ, ಅವನ ಕಾಲದ ಜನ ಹಾಗೆಯೇ ಉಚ್ಚರಿಸುತ್ತಿದ್ದರೇ ಎಂಬ ಯೋಚನೆಯೇ ಒಂದು ಸಂಜೆಯನ್ನು ನುಂಗಬಲ್ಲದು, ನುಂಗಿದರೆ ನಷ್ಟವೇನೂ ಇಲ್ಲ.

ಕಲ್ಲಿನ ಎದುರು

ಮನೆಯಲ್ಲಿ ಪಾಠವನ್ನೂ ಚಿತ್ರವನ್ನೂ ಇಟ್ಟುಕೊಂಡು ಕಲಿತ ಮೇಲೆ ಕಲ್ಲಿನ ಬಳಿಗೆ ಹೋಗಬೇಕು. ನಡುಮಧ್ಯಾಹ್ನ ಹೋದರೆ ಏನೂ ಕಾಣಿಸುವುದಿಲ್ಲ. ಬಿಸಿಲು ಪಕ್ಕದಿಂದ ಓರೆಯಾಗಿ ಬಿದ್ದಾಗ ಮಾತ್ರ ಅಕ್ಷರದ ಗೆರೆಯಲ್ಲಿ ನೆರಳು ನಿಲ್ಲುತ್ತದೆ; ಆದ್ದರಿಂದ ಬೆಳಗ್ಗೆ ಎಂಟರೊಳಗೆ ಅಥವಾ ಸಂಜೆ ನಾಲ್ಕೂವರೆಯ ನಂತರ ಹೋಗುವುದು ಲೇಸು. ಕಲ್ಲು ಗುಡಿಯ ಒಳಗೋ ಮರದ ನೆರಳಲ್ಲಿಯೋ ಇದ್ದರೆ, ಒಂದು ಟಾರ್ಚನ್ನು ಕಲ್ಲಿಗೆ ಬಹುತೇಕ ತಾಗುವಂತೆ ಪಕ್ಕದಲ್ಲಿ ಹಿಡಿದು ಬೆಳಕನ್ನು ಸವರಿದರೆ ಅದೇ ಪರಿಣಾಮ ಸಿಗುತ್ತದೆ. ಮುಖ ನೋಡುವ ಕನ್ನಡಿಯಿಂದ ಬಿಸಿಲನ್ನು ತಿರುಗಿಸಿಯೂ ಇದನ್ನು ಸಾಧಿಸಬಹುದು, ಆದರೆ ಕನ್ನಡಿ ಹಿಡಿಯಲು ಇನ್ನೊಬ್ಬರು ಬೇಕು. ಮನೆಯ ಮಕ್ಕಳು ಈ ಕೆಲಸಕ್ಕೆ ಸಂತೋಷದಿಂದ ಬರುತ್ತಾರೆ.

ಧೂಳನ್ನು ಮೆತ್ತನೆಯ ಬಟ್ಟೆ ಅಥವಾ ಬಣ್ಣ ಬಳಿಯುವ ಒಣ ಬ್ರಷ್‌ನಿಂದ ಒರೆಸಿ, ಬೇಕಿದ್ದರೆ ಸ್ವಲ್ಪ ನೀರು ಚಿಮುಕಿಸಿ. ಅಷ್ಟಕ್ಕೇ ನಿಲ್ಲಿಸಿ. ತಂತಿಯ ಬ್ರಷ್, ಸೋಪು, ಆಸಿಡ್, ಎಣ್ಣೆ ಯಾವುದನ್ನೂ ತಾಗಿಸಬಾರದು. ಸುಣ್ಣದ ಕಡ್ಡಿಯಿಂದ ಅಕ್ಷರದ ಮೇಲೆ ತಿದ್ದುವುದು ಇನ್ನೂ ಕೆಟ್ಟದ್ದು, ಏಕೆಂದರೆ ತಿದ್ದುವವರ ತಪ್ಪು ಓದು ಮುಂದೆ ಬರುವವರಿಗೆ ಕಲ್ಲಿನದೇ ಅಕ್ಷರವಾಗಿ ಕಾಣುತ್ತದೆ. ಒದ್ದೆ ಕಾಗದವನ್ನು ಕಲ್ಲಿಗೆ ಅಂಟಿಸಿ, ಬ್ರಷ್‌ನಿಂದ ತಟ್ಟಿ, ಮಸಿ ಹಚ್ಚಿ ಪಡಿಯಚ್ಚು ತೆಗೆಯುವ ವಿಧಾನವನ್ನು ಬಲ್ಲವರ ಕೈಕೆಳಗೆ ಕಲಿಯದೆ ಪ್ರಯೋಗಿಸಬೇಡಿ, ಸಂರಕ್ಷಿತ ಸ್ಮಾರಕಗಳಲ್ಲಿ ಅದಕ್ಕೆ ಅನುಮತಿಯೂ ಬೇಕು. ಮೊಬೈಲಿನಲ್ಲಿ ಇಡೀ ಕಲ್ಲಿನ ಒಂದು ಚಿತ್ರ, ಆಮೇಲೆ ಐದೈದು ಸಾಲುಗಳಂತೆ ಒಂದರ ಅಂಚು ಇನ್ನೊಂದರಲ್ಲಿ ಬರುವ ಹಾಗೆ ತೆಗೆದ ಚಿತ್ರಗಳು ಸಾಕು. ಮನೆಗೆ ಬಂದು ಕಪ್ಪು-ಬಿಳುಪು ಮಾಡಿ, ಬಣ್ಣಗಳನ್ನು ತಿರುಗುಮುರುಗು ಮಾಡಿ ನೋಡಿದಾಗ ಸ್ಥಳದಲ್ಲಿ ಕಾಣದ ಅಕ್ಷರಗಳು ಎಷ್ಟೋ ಬಾರಿ ಎದ್ದು ಬರುತ್ತವೆ.

ಪ್ರತಿ ಮಾಡಿಕೊಳ್ಳುವಾಗ ಕಲ್ಲಿನ ಒಂದು ಸಾಲಿಗೆ ನೋಟ್‌ಬುಕ್ಕಿನಲ್ಲಿಯೂ ಒಂದೇ ಸಾಲು, ಎಡಗಡೆ ಅದರ ಸಂಖ್ಯೆ. ಸಂದೇಹವಿರುವ ಅಕ್ಷರವನ್ನು ಆವರಣದಲ್ಲಿ ಬರೆಯಿರಿ, ಅಳಿಸಿಹೋದ ಪ್ರತಿಯೊಂದು ಅಕ್ಷರಕ್ಕೂ ಒಂದು ಚುಕ್ಕೆ ಇಡಿ. ‘ಇಲ್ಲಿ ಇದೇ ಇರಬೇಕು’ ಎಂದು ತುಂಬಿಬಿಡುವ ಚಪಲವನ್ನು ತಡೆಯುವುದು ಈ ಹವ್ಯಾಸದ ಅತ್ಯಂತ ಕಷ್ಟದ ಪಾಠ. ಕಚೇರಿಯಲ್ಲಿ ಅಂದಾಜಿನ ಮೇಲೆ ಸಹಿ ಹಾಕದ ನಾನು, ಇಲ್ಲಿ ಮೊದಲ ವರ್ಷವೆಲ್ಲ ಅಂದಾಜಿನಲ್ಲಿಯೇ ಓದಿದೆ ಎಂಬುದು ಆಮೇಲೆ ಅಚ್ಚಾದ ಪಾಠದೊಂದಿಗೆ ಹೋಲಿಸಿದಾಗ ತಿಳಿಯಿತು. ಹೋಲಿಸುವ ಕ್ರಮವೂ ಮುಖ್ಯ: ಮೊದಲು ನಿಮ್ಮ ಓದು, ಆಮೇಲೆ ಪುಸ್ತಕ.

ವೀರಗಲ್ಲುಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಬರಹ ಕಡಿಮೆ, ಚಿತ್ರ ಹೆಚ್ಚು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಕರೆದೊಯ್ಯುವುದು, ಮೇಲೆ ಲಿಂಗದ ಮುಂದೆ ಆತ ಕುಳಿತಿರುವುದು. ಹೀಗೆ ಕೆಳಗಿನಿಂದ ಮೇಲಕ್ಕೆ ಓದಿದರೆ ಬರಹ ಸವೆದಿದ್ದರೂ ಕಥೆ ತಿಳಿಯುತ್ತದೆ. ಮೊಣಕೈ ಮಡಿಸಿ ಎತ್ತಿದ ಬಳೆ ತೊಟ್ಟ ಕೈ ಇದ್ದರೆ ಅದು ಮಾಸ್ತಿಕಲ್ಲು, ಅಂದರೆ ಸಹಗಮನ ಮಾಡಿದವಳ ನೆನಪಿನ ಕಲ್ಲು.

ಕಾಲವನ್ನು ತಾಳೆ ನೋಡುವುದು

ಅಕ್ಷರ ಕೂಡಿ ಪದವಾಗತೊಡಗಿದ ಮೇಲೆ ಎಲ್ಲರೂ ಮೊದಲು ಹುಡುಕುವುದು ಕಾಲವನ್ನು. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸೂತ್ರ. ನಾನು ಅದನ್ನು ಅನ್ವಯಿಸಿ ಒಂದು ಊರಿನ ಜಾತ್ರೆಯಲ್ಲಿ ನಾಲ್ಕು ಜನರ ಮುಂದೆ ಅಲ್ಲಿನ ಕಲ್ಲಿನ ಕಾಲವನ್ನು ಘಂಟಾಘೋಷವಾಗಿ ಹೇಳಿದೆ. ಒಂದು ವರ್ಷ ತಪ್ಪಿತ್ತು. ಅದನ್ನು ತೋರಿಸಿಕೊಟ್ಟವರು ಅಲ್ಲಿಯೇ ಕುಳಿತಿದ್ದ, ಶಾಸನವೆಂದರೆ ಏನೆಂದು ತಮಗೆ ತಿಳಿಯದು ಎಂದು ಹೇಳಿಕೊಂಡ, ಆದರೆ ಅರವತ್ತು ಸಂವತ್ಸರಗಳ ಹೆಸರನ್ನು ನಿದ್ದೆಯಲ್ಲಿಯೂ ಹೇಳಬಲ್ಲ ಅಜ್ಜಿಯೊಬ್ಬರು.

ತಾಳೆ ನೋಡುವ ಬಗೆಯನ್ನು ಪ್ರಸಿದ್ಧವಾದ ಆತಕೂರು ಶಾಸನದಿಂದ ತೋರಿಸುತ್ತೇನೆ. ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಈ ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಸೆಣಸುವ ಚಿತ್ರವಿದೆ. ರಾಷ್ಟ್ರಕೂಟರಿಗೂ ಚೋಳರಿಗೂ ನಡೆದ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನು ತನ್ನ ಒಡೆಯ ಗಂಗರ ಬೂತುಗನಿಂದ ಕೇಳಿ ಪಡೆದದ್ದು ‘ಕಾಳಿ’ ಎಂಬ ಬೇಟೆನಾಯಿಯನ್ನು. ಅದು ದೊಡ್ಡ ಹಂದಿಯೊಂದಿಗೆ ಹೋರಾಡಿ ಸತ್ತಾಗ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿಯನ್ನೂ ಬಿಟ್ಟರು. ಶಾಸನದ ಕಾಲ ಶಕವರ್ಷ 872, ಸೌಮ್ಯ ಸಂವತ್ಸರ. 78 ಕೂಡಿಸಿದರೆ 950. ಈಗ ಸಂವತ್ಸರವನ್ನು ನೋಡೋಣ. ನಮ್ಮ ಹಿರಿಯರ ನೆನಪಿನಲ್ಲಿರುವ ಸೌಮ್ಯ ಸಂವತ್ಸರ ಆರಂಭವಾದದ್ದು 1969ರ ಯುಗಾದಿಗೆ. ಅಲ್ಲಿಂದ ಅರವತ್ತರ 17 ಆವರ್ತನಗಳನ್ನು, ಅಂದರೆ 1020 ವರ್ಷಗಳನ್ನು ಕಳೆದರೆ 949. ಅಂದರೆ ಆ ಸಂವತ್ಸರ 949ರ ಯುಗಾದಿಯಿಂದ 950ರ ಯುಗಾದಿಯವರೆಗೆ ನಡೆದಿತ್ತು. ಶಕವರ್ಷವನ್ನು ಕೆಲವರು ಕಳೆದ ವರ್ಷಗಳ ಲೆಕ್ಕದಲ್ಲಿಯೂ ಕೆಲವರು ನಡೆಯುತ್ತಿರುವ ವರ್ಷದ ಲೆಕ್ಕದಲ್ಲಿಯೂ ಹೇಳುತ್ತಿದ್ದುದರಿಂದ ಹೀಗೆ ಒಂದರ ವ್ಯತ್ಯಾಸ ಬರುತ್ತದೆ. ಇಲ್ಲಿ 77 ಕೂಡಿಸಬೇಕು. ಖಾತೆಯ ಎರಡೂ ಬದಿಗಳನ್ನು ತಾಳೆ ನೋಡದೆ ಪುಸ್ತಕ ಮುಚ್ಚಬಾರದೆಂದು ಕಿರಿಯ ಸಹೋದ್ಯೋಗಿಗಳಿಗೆ ಹೇಳುತ್ತಲೇ ಬಂದ ನನಗೆ ಆ ಜಾತ್ರೆಯ ದಿನ ತಕ್ಕ ಪಾಠವಾಯಿತು. ಮಾಸ, ಪಕ್ಷ, ತಿಥಿ, ವಾರಗಳನ್ನೂ ಕೊಟ್ಟಿದ್ದರೆ ಸ್ವಾಮಿಕಣ್ಣು ಪಿಳ್ಳೆಯವರ ಪಂಚಾಂಗ ಕೋಷ್ಟಕಗಳಿಂದ ದಿನವನ್ನೇ ಗುರುತಿಸಬಹುದು, ಆದರೆ ಅದು ಲೆಕ್ಕದ ಹುಚ್ಚು ಇರುವವರಿಗೆ.

ಪದಗಳು ಊರಿನಲ್ಲಿವೆ

ಹೊಯ್ಸಳರ ಕಾಲದ ದಾನಗಳಲ್ಲಿ ‘ಗದ್ದೆ ಸಲಗೆ ಎರಡು, ಬೆದ್ದಲೆ ಕೊಳಗ ಹತ್ತು’ ಎಂಬಂಥ ಮಾತು ಪದೇ ಪದೇ ಬರುತ್ತದೆ (ಬೆದ್ದಲೆ ಎಂದರೆ ಒಣ ಹೊಲ). ಕೊಳಗವೆಂದರೆ ಧಾನ್ಯ ಅಳೆಯುವ ಪಾತ್ರೆಯೆಂದು ನಿಘಂಟು ಹೇಳುತ್ತದೆ. ಪಾತ್ರೆಯಿಂದ ಹೊಲವನ್ನು ಅಳೆಯುವುದು ಹೇಗೆ ಎಂದು ನಾನು ತಲೆ ಕೆಡಿಸಿಕೊಂಡಿದ್ದಾಗ, ಕಲ್ಲಿನ ಪಕ್ಕ ದನ ಕಟ್ಟುತ್ತಿದ್ದ ಹಿರಿಯರೊಬ್ಬರು ನಕ್ಕು, “ಹತ್ತು ಕೊಳಗ ಬೀಜ ಹಿಡಿಯೋ ಹೊಲ ಅಂತ ಕಣಪ್ಪ, ನಮ್ಮಪ್ಪನ ಕಾಲದಾಗೂ ಹಂಗೇ ಹೇಳೋರು” ಎಂದರು. ಬಿತ್ತುವ ಬೀಜದ ಪ್ರಮಾಣದಿಂದ ಭೂಮಿಯನ್ನು ಲೆಕ್ಕ ಹಾಕುವ ಬೀಜವರಿ ಪದ್ಧತಿ ಅದು. ಎಂಟುನೂರು ವರ್ಷದ ಕಲ್ಲಿನ ಒಂದು ಪದಕ್ಕೆ ಅರ್ಥ ಹೇಳಬಲ್ಲವರು ಕಲ್ಲಿನ ಪಕ್ಕದಲ್ಲಿಯೇ ಇದ್ದರು, ಓದುವವರು ಯಾರೂ ಅವರನ್ನು ಕೇಳಿರಲಿಲ್ಲ ಅಷ್ಟೆ.

ಆದ್ದರಿಂದ ಪದಗಳಿಗೆ ಒಂದು ಪ್ರತ್ಯೇಕ ಪುಸ್ತಕ ಇಟ್ಟು, ಪ್ರತಿ ಹೊಸ ಪದವನ್ನು ಊರಿನಲ್ಲಿ ಒಬ್ಬರನ್ನಾದರೂ ಕೇಳಿ ನೋಡಿ. ‘ಧಾರಾಪೂರ್ವಕಂ ಮಾಡಿ’ ಎಂಬುದನ್ನು ಮದುವೆಯ ಧಾರೆ ನೋಡಿದವರಿಗೆ ವಿವರಿಸಬೇಕಿಲ್ಲ. ‘ಚಂದ್ರಾರ್ಕತಾರಂಬರಂ’, ಅಂದರೆ ಸೂರ್ಯ, ಚಂದ್ರ, ನಕ್ಷತ್ರಗಳು ಇರುವವರೆಗೆ ಎಂಬ ಮಾತನ್ನು ಓದಿದ ಮೇಲೆ ಕಲ್ಲಿನ ತಲೆಯ ಮೇಲೆ ಸೂರ್ಯಚಂದ್ರರನ್ನು ಏಕೆ ಕೆತ್ತುತ್ತಾರೆಂದು ಬೇರೆ ಕೇಳಬೇಕಿಲ್ಲ. ‘ಪಳ್ಳಿ’ ಹಳ್ಳಿಯಾದದ್ದು, ‘ಪಾಲ್’ ಹಾಲಾದದ್ದು ಕಣ್ಣೆದುರಿಗೆ ಬಂದಾಗ, ಶಾಲೆಯಲ್ಲಿ ಬೇಸರ ಹುಟ್ಟಿಸಿದ್ದ ಹಳಗನ್ನಡ ವ್ಯಾಕರಣವನ್ನು ತಾವಾಗಿಯೇ ಹುಡುಕಿ ತೆಗೆದವರನ್ನು ನಾನು ಬಲ್ಲೆ. ಒಂದು ಕಲ್ಲು ಹೀಗೆ ಲಿಪಿ, ಪಂಚಾಂಗ, ನೀರಾವರಿ, ತೆರಿಗೆ, ಛಂದಸ್ಸು ಎಲ್ಲವನ್ನೂ ಒಂದೊಂದಾಗಿ ಎಳೆದು ತರುತ್ತದೆ. ಇವುಗಳಲ್ಲಿ ಯಾವುದನ್ನೂ ಪಠ್ಯಕ್ರಮವೆಂದು ಮುಂದಿಟ್ಟಿದ್ದರೆ ನಾನು ಕಲಿಯುತ್ತಿರಲಿಲ್ಲ.

ಊರಿನವರ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಶಾಸನದಲ್ಲಿ ನಿಧಿಯ ಗುಟ್ಟು ಇದೆ ಎಂಬ ನಂಬಿಕೆ ಈಗಲೂ ಬಲವಾಗಿದೆ, ಆ ನಂಬಿಕೆಯಿಂದ ಕಲ್ಲುಗಳನ್ನು ಕಿತ್ತು ಅಡಿ ಅಗೆದಿರುವುದನ್ನು ಅನೇಕ ಕಡೆ ಕಾಣಬಹುದು. ಹೊರಗಿನಿಂದ ಬಂದು ಸಂಜೆಯ ಹೊತ್ತು ಟಾರ್ಚು ಹಿಡಿದು ಕಲ್ಲಿನ ಮುಂದೆ ಕುಕ್ಕರಗಾಲಲ್ಲಿ ಕೂತವರನ್ನು ಅನುಮಾನಿಸುವುದು ಸಹಜ. ಮೊದಲು ಗುಡಿಯ ಅರ್ಚಕರನ್ನೋ ಜಮೀನಿನವರನ್ನೋ ಮಾತನಾಡಿಸಿ, ಬಂದ ಕಾರಣ ಹೇಳಿ, ಓದಿದ್ದನ್ನು ಅಲ್ಲಿಯೇ ಗಟ್ಟಿಯಾಗಿ ಓದಿ ತೋರಿಸಿ. ಇದು ನಿಮ್ಮ ಕೆರೆಗೆ ಬಿಟ್ಟ ದತ್ತಿ, ಇದರಲ್ಲಿ ನಿಮ್ಮ ಊರಿನ ಹೆಸರು ಹೀಗಿದೆ ಎಂದು ಒಮ್ಮೆ ತಿಳಿದರೆ ಆ ಕಲ್ಲಿಗೆ ಬಟ್ಟೆ ಒಗೆಯುವ ಕೆಲಸ ತಪ್ಪುತ್ತದೆ. ಪೂಜೆಗೊಳ್ಳುವ ಕಲ್ಲಾಗಿದ್ದರೆ ಅರಿಸಿನ-ಕುಂಕುಮವನ್ನು ನೀವಾಗಿ ಒರೆಸಬೇಡಿ. ಅವರೇ ಅಭಿಷೇಕ ಮಾಡುವ ದಿನವನ್ನು ಕೇಳಿಕೊಂಡು ಅಂದು ಹೋಗಿ. ನೀರಿಳಿಯುವ ಕಲ್ಲಿನಲ್ಲಿ ಅಕ್ಷರ ಇನ್ನೂ ಚೆನ್ನಾಗಿ ಕಾಣುತ್ತದೆ.

ಮೂವತ್ತರಿಂದ ಎಂಬತ್ತರವರೆಗೆ

ಚಿಕ್ಕ ಮಕ್ಕಳಿರುವ ಮನೆಯವರಿಗೆ ತಿಂಗಳಿಗೆ ಒಂದು ಭೇಟಿಗಿಂತ ಹೆಚ್ಚು ಸಾಧ್ಯವಾಗದು, ಅಷ್ಟು ಸಾಕು. ಒಂದು ಮಧ್ಯಮ ಗಾತ್ರದ ಶಾಸನವನ್ನು ನಾನು ಐದು ತಿಂಗಳು ಓದಿದ್ದೇನೆ. ವಾರದ ದಿನಗಳಲ್ಲಿ ಚಿತ್ರವನ್ನು ನೋಡಿ ಎರಡು ಸಾಲು ಪ್ರತಿ ಮಾಡುವುದು, ರಜೆಯಲ್ಲಿ ಕಲ್ಲಿನ ಎದುರು ನಿಂತು ಸಂದೇಹಗಳನ್ನು ಬಗೆಹರಿಸಿಕೊಳ್ಳುವುದು. ಪರೀಕ್ಷೆಯಿಲ್ಲ, ಕಲ್ಲು ಓಡಿಹೋಗುವುದಿಲ್ಲ. ನಡುವೆ ಆರು ತಿಂಗಳು ಬಿಟ್ಟುಹೋದರೂ ಅದೇ ಶಾಪಶ್ಲೋಕದಿಂದ ಮತ್ತೆ ಆರಂಭಿಸಿದರೆ ಒಂದು ವಾರದಲ್ಲಿ ಕಣ್ಣು ಮರಳಿ ಪಳಗುತ್ತದೆ.

ಎರಡನೆಯ ವರ್ಷದಿಂದ ಜೊತೆ ಬೇಕು. ಒಬ್ಬರೇ ಓದಿದರೆ ತಪ್ಪು ರೂಢಿಯಾಗಿ ಉಳಿದುಬಿಡುತ್ತದೆ. ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಶಾಸನಶಾಸ್ತ್ರದ ಡಿಪ್ಲೊಮಾ ತರಗತಿಗಳನ್ನು ನಡೆಸುತ್ತ ಬಂದಿದೆ. 1909ರಲ್ಲಿ ಆರಂಭವಾದ ಮಿಥಿಕ್ ಸೊಸೈಟಿ ಬೆಂಗಳೂರಿನ ಶಾಸನಗಳ ತ್ರೀಡಿ ಸ್ಕ್ಯಾನಿಂಗ್ ಕೈಗೊಂಡಿದೆ, ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರಗಳನ್ನೂ ಅದು ಹೊರತರುತ್ತದೆ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಶಾಸನ ವಿಭಾಗದ ಕೇಂದ್ರ ಕಚೇರಿ ಮೈಸೂರಿನಲ್ಲಿದೆ. ಇವು ದೂರವಾದವರು ತಮ್ಮ ತಾಲ್ಲೂಕಿನಲ್ಲಿ ಇನ್ನಿಬ್ಬರನ್ನು ಹುಡುಕಿಕೊಂಡರೂ ಆಗುತ್ತದೆ. ಒಬ್ಬರು ಓದುವುದು, ಒಬ್ಬರು ಬರೆದುಕೊಳ್ಳುವುದು, ಒಬ್ಬರು ಒಪ್ಪದಿರುವುದು: ಮೂವರಿದ್ದರೆ ಸಭೆ ಪೂರ್ಣ.

ಪ್ರಕಟವಾಗದ ಕಲ್ಲು ಸಿಗುವುದೂ ಕನಸಿನ ಮಾತಲ್ಲ. ಬೆಂಗಳೂರಿನಂಥ ನಗರದಲ್ಲಿಯೇ, ಹೆಬ್ಬಾಳದ ಕಿತ್ತಯ್ಯನ ಸುಮಾರು 750ರ ವೀರಗಲ್ಲು ಬೆಳಕಿಗೆ ಬಂದದ್ದು 2018ರಲ್ಲಿ. ಹಾಗೆ ಸಿಕ್ಕಿದಾಗ ಕಲ್ಲನ್ನು ಕದಲಿಸಬೇಡಿ. ಸುತ್ತಲಿನ ಜಾಗ ಕಾಣುವಂತೆ ಚಿತ್ರ ತೆಗೆದು, ಮೊಬೈಲಿನಲ್ಲಿ ಸ್ಥಳವನ್ನು ಗುರುತು ಮಾಡಿಕೊಂಡು, ಎತ್ತರ-ಅಗಲ ಅಳೆದು, ಊರು, ಹೋಬಳಿ, ತಾಲ್ಲೂಕಿನೊಂದಿಗೆ ರಾಜ್ಯ ಪುರಾತತ್ವ ಇಲಾಖೆಗೂ ಹತ್ತಿರದ ವಿಶ್ವವಿದ್ಯಾಲಯದ ಇತಿಹಾಸ ಅಥವಾ ಕನ್ನಡ ವಿಭಾಗಕ್ಕೂ ಬರೆದು ತಿಳಿಸಿ. ರೈಸ್ ಅವರ ಸಂಪುಟದಲ್ಲಿರುವ ಕಲ್ಲು ಈಗ ಅಲ್ಲಿ ಇದೆಯೇ ಇಲ್ಲವೇ ಎಂದು ನೋಡಿ ಬರೆದಿಡುವುದೂ ಅಷ್ಟೇ ಉಪಯುಕ್ತ ಕೆಲಸ, ಅದಕ್ಕೆ ಲಿಪಿಜ್ಞಾನವೂ ಹೆಚ್ಚು ಬೇಕಾಗಿಲ್ಲ. ರಸ್ತೆ ಅಗಲೀಕರಣದಲ್ಲಿ, ಗುಡಿಯ ಜೀರ್ಣೋದ್ಧಾರದಲ್ಲಿ ಕಲ್ಲುಗಳು ಕಾಣೆಯಾಗುತ್ತಲೇ ಇವೆ.

ಮಂಡಿ ನೋವು ಬಂದು ಕಲ್ಲಿನ ಮುಂದೆ ಕೂರಲಾಗದ ಕಾಲಕ್ಕೂ ಇದರಲ್ಲಿ ಕೆಲಸವಿದೆ. ನಮ್ಮ ಗುಂಪಿನ ಅತ್ಯಂತ ಹಿರಿಯರು ಈಗ ಮನೆಯಿಂದ ಹೊರಗೆ ಬರುವುದು ಕಡಿಮೆ. ನಾವು ತಂದ ಚಿತ್ರಗಳನ್ನು ದೊಡ್ಡ ಪರದೆಯಲ್ಲಿ ಹಿಗ್ಗಿಸಿ ನೋಡುತ್ತಾರೆ, ಊರ ಹೆಸರುಗಳ ಅಕಾರಾದಿ ಪಟ್ಟಿಯೊಂದನ್ನು ಬೆಳೆಸುತ್ತಿದ್ದಾರೆ. ಕಳೆದ ತಿಂಗಳು ನಾನು ‘ವ’ ಎಂದು ಓದಿ ಕಳಿಸಿದ್ದ ಅಕ್ಷರವನ್ನು ಅವರು ‘ಮ’ ಎಂದು ತಿದ್ದಿ ಕಳಿಸಿದರು. ನನಗೆ ಒಪ್ಪಿಗೆಯಾಗಿಲ್ಲ. ಭಾನುವಾರ ಬೆಳಗ್ಗೆ ಏಳಕ್ಕೆ, ಬಿಸಿಲು ಓರೆಯಾಗಿರುವಾಗ, ಕನ್ನಡಿಯೊಂದಿಗೆ ಮತ್ತೆ ಆ ಕಲ್ಲಿನ ಬಳಿಗೆ ಹೋಗಬೇಕಾಗಿದೆ.